ಜ್ಯೇಷ್ಠ ಬಹುಳ ದ್ವಾದಶಿ

“ಈ ಸಲ ಜೂನ್ ಇಪ್ಪತ್ತೆರಡಕ್ಕ ಬರ್ತೈತಿ, ಭಾನುವಾರ,” ಎಂದು ಶರಣಯ್ಯ ಪಂಚಾಂಗದ ಮೇಲಿಂದ ಬೆರಳು ತೆಗೆಯದೆ ಹೇಳಿದ. ಕಟ್ಟೆಯ ಕೆಳಗೆ ನಿಂತಿದ್ದ ನವನೀತಾ ಆಯಿತೆಂದು ಹೊರಡಬೇಕಿತ್ತು. ಹೊರಡಲಿಲ್ಲ. ಸೆರಗಿನ ತುದಿಯನ್ನು ಬೆರಳಿಗೆ ಸುತ್ತುತ್ತ, ಬಿಚ್ಚುತ್ತ ನಿಂತೇ ಇದ್ದಳು.

ಏಳು ವರ್ಷದ ಹಿಂದೆ ಕೃಷ್ಣೆಯಲ್ಲಿ ಮುಳುಗಿ ಸತ್ತ ಅವಳ ಗಂಡ ಅಂಜನಕುಮಾರನ ತಿಥಿ ಅದು, ಜ್ಯೇಷ್ಠ ಬಹುಳ ದ್ವಾದಶಿ. ಯಾವ ತಾರೀಖಿಗೆ ಬೀಳುತ್ತದೆಂದು ಕೇಳಲು ಪ್ರತಿವರ್ಷ ಅವಳ ಮಾವ ಬೀಚುಪಲ್ಲಿಯೇ ಬರುತ್ತಿದ್ದ. ಈ ಸಲ ತಾನೇ ಕೇಳಿಕೊಂಡು ಬರುತ್ತೇನೆಂದು ಸೊಸೆ ಬಂದಿದ್ದಳು. ತೆಲಂಗಾಣದ ಮಕ್ತಲ್ ಕಡೆಯ ಈ ಹೊಳೆದಂಡೆಯ ಊರಲ್ಲಿ ಮದುವೆಗಾಗಲಿ ತಿಥಿಗಾಗಲಿ ದಿನ ಕೇಳಲು ಶರಣಯ್ಯನ ಕಟ್ಟೆಗೇ ಬರಬೇಕು. ಅವನದು ಜಂಗಮರ ಮನೆ, ಪಂಚಾಂಗ ವಂಶದಿಂದ ಬಂದದ್ದು. ಮೂವತ್ತು ವರ್ಷ ಊರಿನ ಪೋಸ್ಟಿನ ಕೆಲಸ ಮಾಡಿ ಈಗ ಮನೆಯಲ್ಲಿ ಕೂತಿದ್ದ. ಮೊದಲು ಜನರಿಗೆ ಕಾಗದ ಕೊಡುತ್ತಿದ್ದ, ಈಗ ತಾರೀಖು ಕೊಡುತ್ತಾನೆ ಎಂದು ಹೆಂಡತಿ ಚನ್ನವೀರಮ್ಮ ಹಂಗಿಸುವುದುಂಟು.

“ತಾತಾ, ಒಂದು ಮಾತು ಕೇಳ್ಲೇನ್ರೀ?” ಎಂದಳು ನವನೀತಾ. “ಅವರು ಹೋಗಿದ್ದು ಜುಲೈ ಹತ್ತನೇ ತಾರೀಖು. ನೀವು ಹೇಳೋ ದಿನ ಏಳು ವರ್ಷದಾಗ ಒಮ್ಮಿನೂ ಹತ್ತಕ್ಕ ಬರಲಿಲ್ಲ. ಯಾವಾಗಿದ್ರೂ ಅದಕ್ಕಿಂತ ಮೊದಲೇ ಬರ್ತೈತಿ. ಯಾಕ್ರೀ?”

ಸುಲಭದ ಪ್ರಶ್ನೆ. ಪಂಚಾಂಗ ಬಲ್ಲವನು ನಿದ್ದೆಗಣ್ಣಲ್ಲೂ ಉತ್ತರ ಹೇಳಬಹುದು. ಆ ವರ್ಷ ಅಧಿಕಮಾಸ ಬಂದಿತ್ತು, ಎರಡು ಜ್ಯೇಷ್ಠ ಇದ್ದವು, ಹಾಗಾಗಿ ನಿಜ ಜ್ಯೇಷ್ಠ ಜುಲೈ ತನಕ ಜಾರಿತ್ತು, ಆಮೇಲಿನ ವರ್ಷಗಳಲ್ಲಿ ಹಾಗಾಗಲಿಲ್ಲ ಎಂದು ಶರಣಯ್ಯ ಹೇಳಿದ. ಏಳು ವರ್ಷದಲ್ಲಿ ಇದನ್ನು ಯಾರೂ ಕೇಳಿರಲಿಲ್ಲ. ಯಾರಾದರೂ ಕೇಳಿಯಾರೆಂದು ಅವನು ಮಾತ್ರ ಪ್ರತಿ ಬೇಸಿಗೆಯೂ ಹೆದರುತ್ತಿದ್ದ.

ನವನೀತಾ ತಲೆಯಾಡಿಸಿದಳು. ಆದರೆ ಅವಳು ಬಂದದ್ದು ಅದಕ್ಕಲ್ಲ. ನಾರ್ವ ಎಂಬ ಊರಲ್ಲಿರುವ ಅವಳ ಅಣ್ಣ ಶಾಂತಿನಗರದಲ್ಲಿ ಒಂದು ಸಂಬಂಧ ನೋಡಿದ್ದ. ಹಿಟ್ಟಿನ ಗಿರಣಿ ಇಟ್ಟುಕೊಂಡವನು, ಹೆಂಡತಿ ತೀರಿಕೊಂಡು ಎರಡು ವರ್ಷವಾಗಿತ್ತು. ಬೀಚುಪಲ್ಲಿ ತಾನೇ ಮುಂದೆ ನಿಂತು ಮಾಡಿಕೊಡುತ್ತೇನೆ ಎಂದಿದ್ದ. ಅತ್ತೆ ಜಮ್ಮುಲಮ್ಮ ಹೂಂ ಅನ್ನಲಿಲ್ಲ, ಉಹೂಂ ಅನ್ನಲಿಲ್ಲ. ಒಪ್ಪದೆ ಇರುವವಳು ತಾನೊಬ್ಬಳೇ ಎಂದು ನವನೀತಾ ಹೇಳಿದಳು.

“ಅವತ್ತು ಮುಂಜಾನಿ ನಾ ಜಗಳ ತಗದಿದ್ದೆ ತಾತಾ. ನಮ್ಮಣ್ಣ ಬರಾವ ಇದ್ದ. ಕೊರಮೀನು ತರಲಿಲ್ಲಂದ್ರ ಮನಿಗೆ ಬರಬ್ಯಾಡ್ರಿ ಅಂದಿದ್ದೆ. ಹೊಳಿಗೆ ಇಳಿಬಾರದು ಅಂತ ದಂಡೋರಾ ಆಗೇತಿ, ಅಯ್ಯನೋರನ್ನ ಕೇಳಿ ಹೋಗ್ತೀನಿ ಅಂತ ಹೇಳಿ ಹೋದ್ರು. ನಿಮ್ಮ ಕಡಿ ಬಂದಿದ್ರೇನ್ರೀ?”

ಶರಣಯ್ಯ ಪಂಚಾಂಗ ಮುಚ್ಚಿದ. ಕನ್ನಡಕ ತೆಗೆದು ಪಂಚೆಯ ಅಂಚಿಗೆ ಒರೆಸಿದ.

“ಇಲ್ಲವ್ವಾ. ಬಂದಿರಲಿಲ್ಲ.”

“ಹಂಗಾದ್ರ ನನ್ನ ಮ್ಯಾಲಿನ ಸಿಟ್ಟಿಗೇ ಹೋಗ್ಯಾರ,” ಎಂದಳು ನವನೀತಾ. “ನಮ್ಮಣ್ಣಗ ಬ್ಯಾಡ ಅಂತ ಹೇಳ್ತೀನಿ. ಒಬ್ಬರನ್ನ ತಿಂದಿದ್ದು ಸಾಕು.”

ಗಂಡನನ್ನು ತಿಂದವಳು ಎಂಬ ಮಾತು ಜಮ್ಮುಲಮ್ಮನದು. ಅತ್ತೆಯ ಬಾಯಲ್ಲಿ ದಿನಾ ಕೇಳಿ ಕೇಳಿ ಈಗ ಅದು ಸೊಸೆಯ ಬಾಯಲ್ಲೂ ಸಲೀಸಾಗಿ ಬರುತ್ತಿತ್ತು. ಅವಳು ಅಳಲಿಲ್ಲ. ಚಪ್ಪಲಿ ಮೆಟ್ಟಿಕೊಂಡು, ಬಿಸಿಲಿಗೆ ಸೆರಗು ಹೊದ್ದು ಹೊಳೆಯ ಓಣಿಗೆ ತಿರುಗಿದಳು. ಇಪ್ಪತ್ತೊಂಬತ್ತು ವರ್ಷದ ಹೆಣ್ಣು.

ಅವಳು ಮರೆಯಾದ ಮೇಲೆ ಶರಣಯ್ಯ ಒಳಗೆ ಹೋಗಿ ಕಪಾಟು ತೆಗೆದ. ಅಲ್ಲಿ ಮೂವತ್ತು ಡೈರಿಗಳಿದ್ದವು, ವರ್ಷಕ್ಕೊಂದು. ಎಲ್ಲದರಲ್ಲೂ ಇದ್ದದ್ದು ಒಂದೇ ವಿಷಯ, ಬೀಚುಪಲ್ಲಿ ಹಿಡಿದ ಮೀನು. ಹದಿನೆಂಟನೇ ಇಸವಿಯದನ್ನು ಎಳೆದು, ತೆರೆಯದೆ ತೊಡೆಯ ಮೇಲಿಟ್ಟುಕೊಂಡು ಕೂತ.

ಇದು ಶುರುವಾದದ್ದು ಬರೀ ಬೇಸರಕ್ಕೆ. ಆಗ ಅಂಚೆಯ ಚೀಲ ಬರುವುದು ಮಧ್ಯಾಹ್ನವಾಗುತ್ತಿತ್ತು. ಅಲ್ಲಿಯ ತನಕ ಮಾಡಲು ಕೆಲಸವಿಲ್ಲದೆ ಶರಣಯ್ಯ ಹೊಳೆಯ ದಂಡೆಗೆ ಹೋಗಿ ಕೂರುತ್ತಿದ್ದ. ಬೀಚುಪಲ್ಲಿ ತನ್ನ ಹರಿಗೋಲಿನಲ್ಲಿ ಬರುತ್ತಿದ್ದ. ಅದನ್ನು ಅಲ್ಲಿ ಪುಟ್ಟಿ ಅನ್ನುತ್ತಾರೆ. ಮೀನು ಎಲ್ಲಿ ಸಿಕ್ಕಿತು, ಯಾವ ಎರೆ ಕಟ್ಟಿದ್ದೆ, ನೀರು ಎಷ್ಟಿತ್ತು ಎಂದು ಶರಣಯ್ಯ ಕೇಳುವುದು, ಅವನು ಹೇಳುವುದು. ಒಂದು ದಿನ, ಹೋದ ವರ್ಷ ಇದೇ ಹೊತ್ತಿಗೆ ಎಮ್ಮೆಗುಂಡು ಎಂಬ ಬಂಡೆಯ ಮಡುವಿನಲ್ಲಿ ಬೇಕಾದಷ್ಟು ಕೊರಮೀನು ಇದ್ದವು, ಯಾವಾಗ ಅಂತ ನೆನಪಾಗುತ್ತಿಲ್ಲ ಎಂದು ಬೀಚುಪಲ್ಲಿ ತಲೆ ಕೆರೆದುಕೊಂಡ. ಬರೆದಿಟ್ಟರೆ ನೆನಪಿರುತ್ತದೆ ಎಂದ ಶರಣಯ್ಯ. ನನಗೆ ಅಕ್ಷರ ಎಲ್ಲಿಂದ ಬರಬೇಕು ಎಂದ ಬೀಚುಪಲ್ಲಿ. ಮರುದಿನದಿಂದ ಶರಣಯ್ಯನೇ ಬರೆಯತೊಡಗಿದ.

ಮೀನು ಮುಟ್ಟದವನು, ಮೀನಿನ ರುಚಿ ಎಂಥದ್ದೆಂದು ಗೊತ್ತಿಲ್ಲದವನು, ಹೊಳೆಯಲ್ಲಿದ್ದ ಅಷ್ಟೂ ಮೀನಿನ ಜಾತಕ ಬರೆದ. ಪುಟ್ಟಿ ದಂಡೆಗೆ ತಾಗಿದಾಗ ಕೊರಳಲ್ಲಿದ್ದ ಲಿಂಗದ ಕರಡಿಗೆಯನ್ನು ಬೆನ್ನಿಗೆ ಸರಿಸಿಕೊಂಡು, ಒಂದು ಮಾರು ದೂರ ನಿಂತು ಎಣಿಸುತ್ತಿದ್ದ. ಮನೆಗೆ ಬಂದರೆ ಚನ್ನವೀರಮ್ಮ ಹಿತ್ತಲ ಬಾಗಿಲಲ್ಲಿ ಕೊಡ ಹಿಡಿದು ನಿಂತಿರುತ್ತಿದ್ದಳು, ತಲೆಗೆ ನೀರು ಸುರಿದುಕೊಳ್ಳದೆ ಒಳಗೆ ಬಿಡುತ್ತಿರಲಿಲ್ಲ. ಮೀನಿನ ಪಟವಾರಿ ಬಂದ ಎಂದು ನಗುತ್ತಿದ್ದಳು. ಒಂದೇ ಒಂದು ಸಲ, ಬೀಚುಪಲ್ಲಿ ಬೀಡಿಗೆ ಬೆಂಕಿ ತರಲು ಹೋದಾಗ ಶರಣಯ್ಯ ಗಾಳದ ದಾರ ಹಿಡಿದಿದ್ದ. ಕೆಳಗಿನಿಂದ ಒಂದು ಜೀವ ಗಟ್ಟಿಯಾಗಿ ಜಗ್ಗಿತು. ಗಾಬರಿಯಿಂದ ಬಿಟ್ಟುಬಿಟ್ಟ. ಅದನ್ನೂ ಡೈರಿಯಲ್ಲಿ ಬರೆದಿದ್ದ, ಹೆಂಡತಿಗೆ ಹೇಳಿರಲಿಲ್ಲ.

ಡೈರಿಯ ಪುಟದಲ್ಲಿ ಅಚ್ಚಾದ ತಾರೀಖನ್ನು ಅವನು ಹೊಡೆದುಹಾಕುತ್ತಿದ್ದ. ಅದರ ಮೇಲೆ ಮಾಸ, ಪಕ್ಷ, ತಿಥಿ ಬರೆಯುತ್ತಿದ್ದ. ತಾರೀಖು ಸರ್ಕಾರಿ ಕಾಗದಕ್ಕೆ ಸರಿ, ನೀರು ಮತ್ತು ಮೀನು ಚಂದ್ರನ ಮಾತು ಕೇಳುತ್ತವೆ ಎಂಬುದು ಅವನ ನಂಬಿಕೆ. ನಾಲ್ಕೈದು ವರ್ಷ ಕಳೆದ ಮೇಲೆ ಅದು ನಿಜವೆಂದೇ ಕಾಣತೊಡಗಿತು. ಇಂಥ ತಿಥಿಗೆ ಇಂಥ ಮಡುವಿಗೆ ಹೋಗು ಎಂದು ಅವನು ಹಳೆಯ ಪುಟ ನೋಡಿ ಹೇಳಿದರೆ ಬೀಚುಪಲ್ಲಿ ಬರಿಗೈಯಲ್ಲಿ ಬರುತ್ತಿದ್ದದ್ದು ಕಡಿಮೆ. ಹೊಳೆಗೆ ಇಳಿಯುವ ಹತ್ತಾರು ಮನೆಯವರು ಶರಣಯ್ಯನ ಪುಸ್ತಕ ಕೇಳಿ ಇಳಿಯುವುದು ರೂಢಿಯಾಯಿತು. ಶರಣಯ್ಯನಿಗೆ ಅದರ ಗರ್ವ ಇತ್ತು. ಪಂಚಾಂಗ ಅಜ್ಜನಿಂದ ಬಂದದ್ದು, ಈ ಪುಸ್ತಕ ಮಾತ್ರ ತನ್ನದು ಎಂದುಕೊಳ್ಳುತ್ತಿದ್ದ.

ಹದಿನೆಂಟನೇ ಇಸವಿಯ ಜ್ಯೇಷ್ಠದ ಕೊನೆಯಲ್ಲಿ ಒಂದು ಸಂಜೆ ಡಂಗುರ ಸಾರಿದರು. ಮೇಲಿನ ಅಣೆಕಟ್ಟಿನಿಂದ ನೀರು ಬಿಡುತ್ತಾರೆ, ಹೊಳೆಗೆ ಯಾರೂ ಇಳಿಯಬಾರದು ಎಂದು. ಮರುದಿನ ಬೆಳಿಗ್ಗೆ ಅಂಜನಕುಮಾರ ಶರಣಯ್ಯನ ಕಟ್ಟೆಗೆ ಬಂದ. ಅವನ ಅಪ್ಪ ಬಲೆಯ ನೂಲು ತರಲು ಗದ್ವಾಲಕ್ಕೆ ಹೋಗಿದ್ದ. ಶರಣಯ್ಯ ಇಪ್ಪತ್ತೆರಡು ಡೈರಿಗಳನ್ನೂ ಕಟ್ಟೆಯ ಮೇಲೆ ಹರಡಿದ. ಇಪ್ಪತ್ತೆರಡು ಜ್ಯೇಷ್ಠ ಬಹುಳ ದ್ವಾದಶಿಗಳು. ಒಂದರಲ್ಲೂ ಹೊಸ ನೀರು ಬಂದಿರಲಿಲ್ಲ. ಅಮಾವಾಸ್ಯೆ ತನಕ ಹೆದರಿಕೆ ಇಲ್ಲ, ಹೋಗಿ ಬಾ ಎಂದ. ಡಂಗುರದವನು ಪ್ರತಿವರ್ಷ ಹೀಗೇ ಹೊಡೆದುಕೊಳ್ಳುತ್ತಾನೆ ಎಂದೂ ಸೇರಿಸಿದ. ಹುಡುಗ ಹೋದ ಮೇಲೆ ಆ ಮಾತನ್ನು ಅಂದಿನ ಪುಟದಲ್ಲಿ ಬರೆದ. ಮೀನಿನ ಲೆಕ್ಕಕ್ಕೆಂದು ಕೆಳಗೆ ಜಾಗ ಬಿಟ್ಟ.

ಮಧ್ಯಾಹ್ನ ಎರಡು ಗಂಟೆಗೆ ನೀರು ಬಂತು. ಎಮ್ಮೆಗುಂಡು ಮುಳುಗಲು ಅರ್ಧ ತಾಸೂ ಹಿಡಿಯಲಿಲ್ಲ ಎಂದು ದನ ಕಾಯುವವರು ಹೇಳಿದರು. ಹುಡುಗ ಸಿಕ್ಕಿದ್ದು ಮೂರನೆಯ ದಿನ, ಹತ್ತು ಮೈಲಿ ಕೆಳಗೆ. ಆ ಮೂರು ದಿನವೂ ಇಡೀ ಊರು ದಂಡೆಯ ಮೇಲಿತ್ತು. ಮೊದಲ ದಿನ ಸಂಜೆ ಬೀಚುಪಲ್ಲಿ ಬಸ್ಸಿನಿಂದ ಇಳಿದವನು ನೂಲಿನ ಗಂಟನ್ನು ಹೆಗಲಲ್ಲೇ ಇಟ್ಟುಕೊಂಡು ಓಡಿ ಬಂದ. ನೂರು ಜನರ ಮಧ್ಯೆ ಶರಣಯ್ಯನನ್ನೇ ಹುಡುಕಿ, ನಿಮ್ಮನ್ನು ಕೇಳಿಕೊಂಡು ಹೋಗಿದ್ದನಾ ಎಂದು ಕೇಳಿದ. ನೂರು ಜನ ಶರಣಯ್ಯನ ಮುಖ ನೋಡಿದರು. ಅವನ ಬಾಯಿಂದ ಬಂದದ್ದು ಒಂದೇ ಮಾತು, ಇಲ್ಲ. ಹಾಗಾದರೆ ಯಾಕೆ ಹೋದ ಎಂದು ಹುಡುಕುತ್ತ ಹೊರಟವರಿಗೆ ನವನೀತಾಳ ಜಗಳ ಸಿಕ್ಕಿತು. ಮದುವೆಯಾಗಿ ಎಂಟು ತಿಂಗಳಾಗಿತ್ತಷ್ಟೇ ಅವಳಿಗೆ.

ತಪ್ಪು ಎಲ್ಲಿ ಆಯಿತೆಂದು ಶರಣಯ್ಯನಿಗೆ ಹೊಳೆದದ್ದು ಹನ್ನೊಂದನೆಯ ದಿನ, ಪಂಚಾಂಗ ತೆರೆದಾಗ. ದ್ವಾದಶಿಯ ಪಕ್ಕದಲ್ಲೇ ತಾರೀಖು ಅಚ್ಚಾಗಿತ್ತು, ಜುಲೈ ಹತ್ತು. ಅದರ ಹಿಂದಿನ ವರ್ಷ ಅದೇ ದ್ವಾದಶಿ ಜೂನ್ ಇಪ್ಪತ್ತೊಂದಕ್ಕೆ ಬಂದಿತ್ತು. ಅಧಿಕ ಜ್ಯೇಷ್ಠ ಎಂದು ಹುಡುಗ ಹೋದ ವರ್ಷವೇ ಎರಡು ಮದುವೆಯ ಮನೆಯವರನ್ನು ಇವನೇ ತಿರುಗಿ ಕಳಿಸಿದ್ದ. ಮದುವೆಗೆ ನೆನಪಾದ ಅಧಿಕಮಾಸ ಹೊಳೆಗೆ ನೆನಪಾಗಲಿಲ್ಲ. ಹಿಂದೆ ಜ್ಯೇಷ್ಠ ಅಧಿಕವಾದ ಒಂದೆರಡು ವರ್ಷ ಮಳೆಯೇ ತಡವಾಗಿತ್ತು, ಹಾಗಾಗಿ ಪುಸ್ತಕವೂ ಎಚ್ಚರಿಸಿರಲಿಲ್ಲ. ನೀರು ತಾರೀಖು ನೋಡಿಕೊಂಡು ಬಂದಿತ್ತು.

ಆ ಪುಟವನ್ನು ಅವನು ಹರಿಯಲಿಲ್ಲ. ಹರಿಯುವ ಅಗತ್ಯವೂ ಇರಲಿಲ್ಲ. ಈ ಊರಲ್ಲಿ ಮನೆಮಾತು ಕನ್ನಡವಾದರೂ ಸಾಲೆ ತೆಲುಗಿನದು. ಶರಣಯ್ಯ ರಾಯಚೂರಲ್ಲಿ ಓದಿದವನಾದ್ದರಿಂದ ಕನ್ನಡ ಬರೆಯುತ್ತಿದ್ದ. ಡೈರಿಯನ್ನು ಬೀದಿಯಲ್ಲಿ ತೆರೆದಿಟ್ಟರೂ ಓದುವವರು ಇರಲಿಲ್ಲ. ತಿಂಗಳು ಕಳೆದ ಮೇಲೆ ಬೀಚುಪಲ್ಲಿ ಮತ್ತೆ ಹೊಳೆಗೆ ಇಳಿದ. ಸಂಜೆ ದಂಡೆಗೆ ಬಂದು, ಬರೆಯಿರಿ ಎಂದ. ಶರಣಯ್ಯ ಬರೆದ. ಹಾಗೆ ಏಳು ವರ್ಷ ಬರೆದ.

ಇಷ್ಟನ್ನೆಲ್ಲ ನೆನೆಯುತ್ತ ಅವನು ಕೂತಿದ್ದಾಗ ಚನ್ನವೀರಮ್ಮ ಅಡುಗೆಮನೆಯ ಹೊಸ್ತಿಲಿಗೆ ಬಂದು ನಿಂತಳು. ಕಟ್ಟೆಯ ಮೇಲೆ ಆದ ಮಾತು ಅವಳಿಗೆ ಕೇಳಿಸಿತ್ತು.

“ಅವತ್ತು ಆ ಹುಡುಗಗ ಬಾಗಿಲಾ ತಗದಾಕಿ ನಾನು,” ಎಂದಳು.

ಶರಣಯ್ಯ ತಲೆ ಎತ್ತಿದ. ಏಳು ವರ್ಷ ಒಂದೇ ಸೂರಿನಡಿ ಉಂಡು ಮಲಗಿದರೂ ಇಬ್ಬರೂ ಈ ಮಾತು ಎತ್ತಿರಲಿಲ್ಲ. ಅವಳು ಮರೆತಿರಬೇಕು ಎಂದು ಅವನು ತನಗೆ ತಾನೇ ಹೇಳಿಕೊಂಡಿದ್ದ.

“ನೀವು ಹೇಳ್ತೀರಿ, ಹೇಳ್ತೀರಿ ಅಂತ ಸುಮ್ಕಿದ್ದೆ. ಅದು ನನ್ನ ತಪ್ಪು,” ಎಂದಳು ಚನ್ನವೀರಮ್ಮ. “ಆ ಹುಡುಗಿಗೆ ಇನ್ನೊಮ್ಮಿ ಇಲ್ಲಂತ ಹೇಳಿ ಬಂದು ಈ ಮನ್ಯಾಗ ಪೂಜಿಗೆ ಕೂಡಬ್ಯಾಡ್ರಿ.” ಅಷ್ಟು ಹೇಳಿ ಒಲೆಯ ಕಡೆ ಹೋದಳು.

ಸಂಜೆ ಅವನು ಆ ಹಳೆಯ ಡೈರಿಯನ್ನೂ ಈ ವರ್ಷದ್ದನ್ನೂ ಚೀಲದಲ್ಲಿಟ್ಟುಕೊಂಡು ಹೊಳೆಗೆ ಹೋದ. ಬಿಸಿಲು ಇನ್ನೂ ಇತ್ತು. ನೀರು ಸೊರಗಿ ಬಂಡೆಗಳ ಸಂದಿಯಲ್ಲಿ ಮಾತ್ರ ಹರಿಯುತ್ತಿತ್ತು. ಬೀಚುಪಲ್ಲಿ ಪುಟ್ಟಿಯನ್ನು ದಂಡೆಗೆ ಎಳೆದು, ಮೊಣಕಾಲು ಹಿಡಿದುಕೊಂಡು ಮೇಲೆ ಹತ್ತಿ ಬಂದ. ಎರಡು ಕೊರಮೀನು, ಒಂಬತ್ತು ಜೆಲ್ಲ ಮೀನು, ಬರೆಯಿರಿ ಎಂದ. ಶರಣಯ್ಯ ಪೆನ್ನು ತೆಗೆಯಲಿಲ್ಲ. ಬೀಚುಪಲ್ಲಿಗೆ ಅದು ಗೊತ್ತಾಗಲಿಲ್ಲ, ಅವನ ತಲೆಯಲ್ಲಿ ಬೇರೆ ಚಿಂತೆ ಇತ್ತು. ಸೊಸೆ ಮದುವೆ ಬೇಡ ಎಂದು ಮಧ್ಯಾಹ್ನವೇ ಅಣ್ಣನಿಗೆ ಫೋನು ಮಾಡಿದ್ದಳಂತೆ. ಮನೆಯಲ್ಲಿ ಜಮ್ಮುಲಮ್ಮನ ಬಾಯಿ ಕಟ್ಟುವುದು ತನ್ನಿಂದ ಆಗುವುದಿಲ್ಲ, ಈ ವಯಸ್ಸಿನ ಹುಡುಗಿ ನಮ್ಮ ಹೊಸ್ತಿಲಲ್ಲಿ ಕೂತು ಒಣಗುವುದನ್ನು ನೋಡುವುದೂ ಆಗುವುದಿಲ್ಲ ಎಂದ.

“ನೀವು ಒಂದು ಮಾತು ಹೇಳ್ರಿ ಅಯ್ಯನೋರ. ನಿಮ್ಮ ಮಾತಂದ್ರ ಆಕಿ ಕೇಳ್ತಾಳ. ನಿನ್ನಿಂದ ಹೋಗಿಲ್ಲವ್ವಾ, ಅವನ ಆಯುಷ್ಯ ಅಷ್ಟ ಇತ್ತು ಅಂತ ಹೇಳ್ರಿ.”

“ಹೇಳ್ತೀನಿ,” ಎಂದ ಶರಣಯ್ಯ. “ಅದಕ್ಕೂ ಮೊದಲು ನಿನಗ ಒಂದು ಓದಬೇಕು. ಕೂಡು.”

ಬೀಚುಪಲ್ಲಿ ಕಲ್ಲಿನ ಮೇಲೆ ಕೂತ. ಶರಣಯ್ಯ ಹಳೆಯ ಡೈರಿ ತೆಗೆದು, ನಿಂತುಕೊಂಡೇ ಓದಿದ.

“ಜ್ಯೇಷ್ಠ ಬಹುಳ ದ್ವಾದಶಿ. ನೀರು ಎಮ್ಮೆಗುಂಡಿನ ಬುಡಕ್ಕೆ. ಗಾಳಿ ಇಲ್ಲ. ಬೆಳಿಗ್ಗೆ ಅಂಜನಕುಮಾರ ಬಂದು ಡಂಗುರದ ಮಾತು ಹೇಳಿದ. ಹಿಂದಿನ ದ್ವಾದಶಿಗಳನ್ನೆಲ್ಲ ತೆಗೆದು ನೋಡಿದೆ. ಒಮ್ಮೆಯೂ ನೀರು ಬಂದಿಲ್ಲ. ಅಮಾವಾಸ್ಯೆ ತನಕ ಭಯವಿಲ್ಲ, ಹೋಗಿ ಬಾ ಎಂದೆ.”

ಬೀಚುಪಲ್ಲಿ ಅವನ ಕೈಯಲ್ಲಿದ್ದ ಪುಸ್ತಕವನ್ನೇ ನೋಡಿದ. ಬುಟ್ಟಿಯಲ್ಲಿ ಒಂದು ಕೊರಮೀನು ಇನ್ನೂ ಹೊರಳಾಡುತ್ತಿತ್ತು.

“ಅಂದ್ರ ಪುಸ್ತಕ ತಪ್ಪು ಹೇಳ್ತೇನ್ರೀ?”

“ಪುಸ್ತಕ ಅಲ್ಲ. ನಾನು. ಅಧಿಕಮಾಸ ಬಂದಿತ್ತು, ನನಗ ಹೊಳೀಲಿಲ್ಲ.”

“ಅದಿರಲಿ,” ಎಂದ ಬೀಚುಪಲ್ಲಿ. “ಅವತ್ತು ನಾ ಊರಾಗ ಇದ್ದಿದ್ರೂ ಪುಸ್ತಕಾನ ಕೇಳ್ತಿದ್ದೆ. ಕೇಳಿ ನಾನೂ ಹೋಗ್ತಿದ್ದೆ. ಹೊಳಿ ಮಾತು, ಯಾರಿಗೆ ಗೊತ್ತು.” ಅವನು ನೀರಿನ ಕಡೆ ನೋಡುತ್ತಿದ್ದ. “ಆದ್ರ ಇಲ್ಲೇ, ಈ ಕಲ್ಲಿನ ಮ್ಯಾಲೆ ನಿಂತು ನಿಮ್ಮನ್ನ ಕೇಳಿದ್ನಲ್ರೀ. ಇಲ್ಲ ಅಂದ್ರಿ.”

ಹೆದರಿದೆ ಎಂದು ಶರಣಯ್ಯ ಹೇಳಬಹುದಿತ್ತು. ಮೊದಲ ದಿನ ಹೆದರಿದ್ದು ಸರಿ, ಎರಡನೆಯ ದಿನದ ಲೆಕ್ಕವೇನು, ಏಳು ವರ್ಷದ ಲೆಕ್ಕವೇನು ಎಂದು ಅವನಿಗೇ ತಿಳಿಯುತ್ತಿರಲಿಲ್ಲ. ಅವನು ಅತ್ತ. ಎಪ್ಪತ್ತೊಂದು ವರ್ಷದ ಮುದುಕ ಡೈರಿಯನ್ನು ಎದೆಗೆ ಒತ್ತಿಕೊಂಡು ದಂಡೆಯ ಮೇಲೆ ನಿಂತು ಅತ್ತ. ಬೀಚುಪಲ್ಲಿ ಸಮಾಧಾನ ಮಾಡಲಿಲ್ಲ, ಬೈಯಲೂ ಇಲ್ಲ. ಬುಟ್ಟಿ ಎತ್ತಿ ತಲೆಯ ಮೇಲಿಟ್ಟುಕೊಂಡ.

“ಬರ್ರಿ. ನಮ್ಮಾಕಿಗೆ ಓದಿ ಹೇಳ್ರಿ,” ಎಂದ.

ಮೂವತ್ತು ವರ್ಷದ ಗೆಳೆತನದಲ್ಲಿ ಶರಣಯ್ಯ ಬೀಚುಪಲ್ಲಿಯ ಮನೆಯೊಳಗೆ ಕಾಲಿಟ್ಟಿರಲಿಲ್ಲ. ಕರೆಯಬೇಕೆಂದು ಅವರಿಗೆ ಅನಿಸಿರಲಿಲ್ಲ, ಹೋಗಬೇಕೆಂದು ಇವನಿಗೂ ಅನಿಸಿರಲಿಲ್ಲ. ಬಾಗಿಲ ಮುಂದೆ ಬಲೆ ಒಣಹಾಕಿತ್ತು. ಒಳಗೆ ಜಮ್ಮುಲಮ್ಮ ಮೊರದಲ್ಲಿ ಅಕ್ಕಿ ಹಾಕಿಕೊಂಡು ಕಲ್ಲು ಆರಿಸುತ್ತಿದ್ದಳು. ಅಯ್ಯನವರು ಬಂದದ್ದು ಕಂಡು ಗಡಬಡಿಸಿ ಎದ್ದು, ಮಣೆ ಹುಡುಕಿದಳು. ಶರಣಯ್ಯ ಬೇಡವೆಂದು ಬರಿ ನೆಲದ ಮೇಲೆ ಕೂತ. ನವನೀತಾ ಒಲೆಯ ಹತ್ತಿರ ನಿಂತಳು. ಅತ್ತೆ ಇದ್ದಲ್ಲಿ ಅವಳು ಕೂರುವ ರೂಢಿ ಆ ಮನೆಯಲ್ಲಿ ತಪ್ಪಿಹೋಗಿತ್ತು. ಅವಳ ತಟ್ಟೆಯನ್ನು ಅವಳೇ ಹಾಕಿಕೊಂಡು ಹಿತ್ತಲಲ್ಲಿ ಉಣ್ಣುತ್ತಿದ್ದಳು.

ಅವನು ಮತ್ತೆ ಓದಿದ. ಓದಿದ ಮೇಲೆ ಅಧಿಕಮಾಸದ ಮಾತು ಹೇಳಿದ, ದಂಡೆಯ ಮೇಲೆ ಇಲ್ಲವೆಂದದ್ದನ್ನು ಹೇಳಿದ, ಬೆಳಿಗ್ಗೆ ಈ ಹುಡುಗಿ ಕೇಳಿದಾಗಲೂ ಸುಳ್ಳು ಹೇಳಿದೆ ಎಂದ. ತನ್ನ ತಪ್ಪಿಗೆ ಇವಳನ್ನು ಏಳು ವರ್ಷ ಬೈಸಿದೆ ಎಂದ. ಜಮ್ಮುಲಮ್ಮ ಕಲ್ಲು ಆರಿಸುವುದನ್ನು ನಿಲ್ಲಿಸಲಿಲ್ಲ. ಅಕ್ಕಿಯಲ್ಲಿ ಕಲ್ಲು ಮುಗಿದ ಮೇಲೂ ಅವಳ ಬೆರಳು ಮೊರದಲ್ಲಿ ಓಡಾಡುತ್ತಿತ್ತು. ಬೀಚುಪಲ್ಲಿ ಒಳಗೆ ಬರದೆ ಬಾಗಿಲ ಹೊರಗೇ ಕೂತಿದ್ದ.

“ಸಿಟ್ಟಿನಾಗಿದ್ದನೇನ್ರೀ ಅವನು?” ಎಂದು ಜಮ್ಮುಲಮ್ಮ ಕೇಳಿದಳು.

ಅದು ಡೈರಿಯಲ್ಲಿ ಇರಲಿಲ್ಲ. ಅಲ್ಲಿ ನೀರು, ಗಾಳಿ, ಮೀನು ಮಾತ್ರ ಇತ್ತು. ಶರಣಯ್ಯ ಪುಸ್ತಕ ಮುಚ್ಚಿ ನೆಲದ ಮೇಲಿಟ್ಟ.

“ಇಲ್ಲವ್ವಾ, ನಗ್ತಿದ್ದ,” ಎಂದ. “ಕಟ್ಟಿ ಮ್ಯಾಲೆ ಕಾಲು ಇಳಿಬಿಟ್ಟು ಕೂತ. ಮನ್ಯಾಗ ಹುಕುಂ ಆಗೇತ್ರಿ ತಾತಾ, ಕೊರಮೀನು ಇಲ್ಲಂದ್ರ ಬಾಗಿಲಾ ತಗಿಯಂಗಿಲ್ಲಂತ ಆಕಿ ಅಂತ ಹೇಳಿ ನಕ್ಕ. ನಮ್ಮ ಮನ್ಯಾಕಿ ಮಜ್ಜಿಗಿ ಕೊಟ್ಟಳು. ಎರಡು ಲೋಟ ಕುಡದ. ಆಕಿ ಅಣ್ಣಗ ದೊಡ್ಡದು ಹಿಡಿದು ತೋರಿಸ್ತೀನಿ ಅಂದ. ಓಡಕೋಂತ ಹೋದ.”

ಒಲೆಯ ಹತ್ತಿರ ನವನೀತಾ ಎರಡೂ ಕೈಯಲ್ಲಿ ಬಾಯಿ ಮುಚ್ಚಿಕೊಂಡಳು. ಸ್ವಲ್ಪ ಹೊತ್ತಿನ ಮೇಲೆ ಕೈ ತೆಗೆದು ಶರಣಯ್ಯನನ್ನು ನೋಡಿದಳು.

“ಇಷ್ಟು ಮಾತು ಇಟ್ಕೊಂಡು ಹೆಂಗ ಕೂತಿದ್ರಿ ತಾತಾ?” ಎಂದಳು.

ಜಮ್ಮುಲಮ್ಮ ಮೊರವನ್ನು ಬದಿಗಿಟ್ಟಳು. “ಎರಡು ಲೋಟ ಕುಡದ,” ಎಂದು ತನ್ನಷ್ಟಕ್ಕೆ ಹೇಳಿಕೊಂಡಳು. “ಹೊಟ್ಟಿ ತಣ್ಣಗ ಮಾಡ್ಕೊಂಡು ಹೋದ ನಾ ಕೊಡುಕು.” ಅಳು ಬಂದಾಗ ಅವಳ ಬಾಯಿಗೆ ತವರಿನ ತೆಲುಗು ಬರುತ್ತಿತ್ತು. ಮಗನೇ, ಮಗನೇ ಎಂದು ಅದೇ ಭಾಷೆಯಲ್ಲಿ ಕರೆಯುತ್ತ ಕೂತಲ್ಲೇ ಮುಂದಕ್ಕೆ ಹಿಂದಕ್ಕೆ ತೂಗಾಡಿದಳು. ಆಮೇಲೆ ಕೈ ಚಾಚಿ, ನಿಂತಿದ್ದ ಸೊಸೆಯ ಪಾದವನ್ನು ಹಿಡಿದುಕೊಂಡಳು. ನವನೀತಾ ಕಾಲು ಹಿಂದೆ ತೆಗೆಯಲಿಲ್ಲ, ಬಗ್ಗಿ ಅತ್ತೆಯನ್ನು ಎತ್ತಲೂ ಇಲ್ಲ. ಹಾಗೇ ನಿಂತಿದ್ದಳು. ಶರಣಯ್ಯನಿಗೆ ಏಳಿ ಎಂದು ಯಾರೂ ಹೇಳಲಿಲ್ಲ. ಅವನೇ ಗೋಡೆ ಹಿಡಿದು ಎದ್ದು ಹೊರಗೆ ಬಂದ. ಬಾಗಿಲಲ್ಲಿ ಬೀಚುಪಲ್ಲಿ ಇರಲಿಲ್ಲ.

ಶ್ರಾವಣದಲ್ಲಿ ಆ ಗಿರಣಿಯವನ ಜೊತೆ ನವನೀತಾಳ ಮದುವೆ, ಅವಳ ಮಾವನಿಗೆ ಹೆಸರು ಕೊಟ್ಟ ಬೀಚುಪಲ್ಲಿ ಕ್ಷೇತ್ರದ ಬೆಟ್ಟದ ಹನುಮಪ್ಪನ ಗುಡಿಯಲ್ಲಿ ಆಯಿತು. ದಿನ ಯಾವುದೆಂದು ಕೇಳಲು ಶರಣಯ್ಯನ ಕಟ್ಟೆಗೆ ಯಾರೂ ಬರಲಿಲ್ಲ, ನಾರ್ವದವರು ಬೇರೆ ಯಾರನ್ನೋ ಕೇಳಿದರಂತೆ. ಊರಲ್ಲಿ ಸುದ್ದಿ ಹಬ್ಬಿತು. ಕೆಲವರು ಹಿಂದೆ ಆಡಿಕೊಂಡರು, ಕೆಲವರು ಎದುರಿಗೇ ಮುಖ ತಿರುಗಿಸಿದರು. ಆಡದೆ ಇದ್ದವನು ಬೀಚುಪಲ್ಲಿ ಒಬ್ಬನೇ. ಅವನು ಈಗ ಪುಟ್ಟಿಯನ್ನು ಹಳೆಯ ಜಾಗಕ್ಕೆ ತರುತ್ತಿರಲಿಲ್ಲ. ಊರ ಕೆಳಗಿನ ತಿರುವಿನಲ್ಲಿ ದಂಡೆಗೆ ಹಚ್ಚಿ, ಅಲ್ಲಿಂದಲೇ ಮನೆಗೆ ಹೋಗುತ್ತಿದ್ದ. ಶರಣಯ್ಯ ಮೊದಲ ಕೆಲವು ದಿನ ಸಂಜೆ ಹೋಗಿ ಕೂತು ನೋಡಿದ. ದೂರದಿಂದ ಪುಟ್ಟಿ ಕಾಣುತ್ತಿತ್ತು, ಬುಟ್ಟಿ ಕಾಣುತ್ತಿತ್ತು, ಒಳಗೆ ಏನಿದೆ ಎಂದು ತಿಳಿಯುತ್ತಿರಲಿಲ್ಲ. ಜ್ಯೇಷ್ಠ ಬಹುಳ ಬರುವ ಹೊತ್ತಿಗೆ ಹೋಗುವುದನ್ನು ಬಿಟ್ಟಿದ್ದ.

ಬರುತ್ತಿದ್ದವಳು ಜಮ್ಮುಲಮ್ಮ. ಮೊದಲ ಸಲ ಬಂದಾಗ ಬೈಯಲು ಬಂದಿದ್ದಾಳೆಂದು ಶರಣಯ್ಯ ಎದ್ದು ನಿಂತಿದ್ದ. ಅವಳು ಬೈಯಲಿಲ್ಲ. ಕೆಳಗಿನ ಮೆಟ್ಟಿಲ ಮೇಲೆ ಕೂತು, ನನ್ನ ಮಗ ಅವತ್ತು ಬಂದದ್ದು ಹೇಗೆ, ಹೇಳಿ ಎಂದಳು. ಅವನು ಹೇಳಿದ. ಕೇಳಿ ಎದ್ದು ಹೋದಳು. ಎರಡು ದಿನ ಬಿಟ್ಟು ಮತ್ತೆ ಬಂದಳು. ಅಂದಿನಿಂದ ಎರಡು ಮೂರು ದಿನಕ್ಕೊಮ್ಮೆ ಊಟದ ಹೊತ್ತು ಕಳೆದ ಮೇಲೆ ಬರುತ್ತಾಳೆ. ಮಗ ಕಾಲು ಇಳಿಬಿಟ್ಟು ಕೂತದ್ದನ್ನು ಶರಣಯ್ಯ ಹೇಳದೆ ಬಿಟ್ಟರೆ ಅವಳೇ ನೆನಪಿಸುತ್ತಾಳೆ. ಲೋಟ ಹಿತ್ತಾಳೆಯದೋ ಸ್ಟೀಲಿನದೋ ಎಂದು ಕೇಳುತ್ತಾಳೆ. ಚನ್ನವೀರಮ್ಮ ಬಾಗಿಲಿಗೆ ಬಂದು ಸ್ಟೀಲಿನದು ಎಂದು ಹೇಳಿ ಒಳಗೆ ಹೋಗುತ್ತಾಳೆ.

ಭಾದ್ರಪದದ ಒಂದು ಮಧ್ಯಾಹ್ನ ಅವನು ಹೇಳಿ ಮುಗಿಸಿದ ಮೇಲೂ ಜಮ್ಮುಲಮ್ಮ ಏಳಲಿಲ್ಲ. ಹೊಳೆ ತುಂಬಿ ಹರಿಯುತ್ತಿತ್ತು, ಕಟ್ಟೆಯ ತನಕ ಅದರ ಸದ್ದು ಕೇಳಿಸುತ್ತಿತ್ತು.

“ಹೆಂತಿ ಮಾತು ಆಡಿದ. ಆಕಿ ಅಣ್ಣನ ಮಾತು ಆಡಿದ,” ಎಂದಳು. “ನನ್ನ ಹೆಸರು ಏನರ ತಗದನೇನ್ರೀ?”

ಶರಣಯ್ಯ ಬಹಳ ಹೊತ್ತು ಯೋಚಿಸಿದ. ಆ ಬೆಳಗನ್ನು ಅವನು ನೂರು ಸಲ ತಿರುವಿ ಹಾಕಿದ್ದ. ಮಜ್ಜಿಗೆ ಕುಡಿದು ಮೀಸೆ ಒರೆಸಿಕೊಂಡದ್ದು ನೆನಪಿತ್ತು, ಎಡಗಾಲಿನ ಚಪ್ಪಲಿಯ ಉಂಗುಷ್ಟ ಕಿತ್ತದ್ದು ನೆನಪಿತ್ತು. ಅವ್ವ ಎಂಬ ಮಾತು ಅದರಲ್ಲಿ ಎಲ್ಲೂ ಇರಲಿಲ್ಲ. ಅವಳು ಮುಖ ಎತ್ತಿ ಕಾಯುತ್ತಿದ್ದಳು. ಇದ್ದಿದ್ದರೆ ಎಷ್ಟು ಚೆನ್ನಾಗಿರುತ್ತಿತ್ತು ಎಂದು ಅವನಿಗೆ ಅನಿಸಿತು.

“ಇಲ್ಲವ್ವಾ,” ಎಂದ.

ಜಮ್ಮುಲಮ್ಮ ತಲೆಯಾಡಿಸಿದಳು. ಸೆರಗನ್ನು ಸರಿಮಾಡಿಕೊಂಡು ಮೆಟ್ಟಿಲ ಮೇಲೆ ಇನ್ನಷ್ಟು ಒಳಗೆ ಸರಿದು ಕೂತಳು.

“ನೀವು ಎಲ್ಲೋ ಬಿಟ್ಟೀರಿ,” ಎಂದಳು. “ಮೊದಲಿಂದ ಇನ್ನೊಮ್ಮಿ ಹೇಳ್ರೀ.”

ಶರಣಯ್ಯ ಮೊದಲಿಂದ ಹೇಳತೊಡಗಿದ.